ಬಾಯಿ ವಾರ್ಡಿನ ಬೆಳಗು

ಕಲಾಸಿಪಾಳ್ಯಕ್ಕೆ ಸೊಪ್ಪಿನ ಲಾರಿ ಬರುವ ಹೊತ್ತು, ನಾಲ್ಕೂವರೆ.
ಹನ್ನೊಂದನೇ ಹಾಸಿಗೆಯ ಪಿಳ್ಳಪ್ಪನಿಗೆ ತಾನಾಗೇ ಎಚ್ಚರ.
ಮೂವತ್ತೊಂದು ವರ್ಷ ಅಲ್ಲಿ ಕಟ್ಟುಗಳ ಹರಾಜು ಕೂಗಿದವನು.
ಎದ್ದವನೇ ಕೂಗಲೆಂದು ಬಾಯಿ ತೆರೆಯುತ್ತಾನೆ.
ಎರಡು ಬೆರಳಗಲ. ಅಷ್ಟೇ.

ಟ್ರೇ ಹಿಡಿದು ಬರುತ್ತೇನೆ.
ಕಾಯಿಸಿ ಆರಿಸಿದ ನೀರು, ಚಿಟಿಕೆ ಅಡುಗೆ ಸೋಡ,
ಗ್ಲೌಸು ತೊಟ್ಟ ಬೆರಳಿಗೆ ಸುತ್ತಿಕೊಳ್ಳಲು ಗಾಜ್ ಬಟ್ಟೆ.
ಮೊದಲು ಒಸಡು, ಆಮೇಲೆ ನಾಲಿಗೆಯಲ್ಲಿ ಉಳಿದಷ್ಟು,
ಕೊನೆಗೆ, ತೀರಾ ಮೆತ್ತಗೆ, ಎಡಗೆನ್ನೆಯ ಒಳಮೈ.
ಅಲ್ಲಿ ತೊಡೆಯ ಚರ್ಮ ತಂದು ಹೊಲಿದಿದ್ದಾರೆ.
ಸಣ್ಣ ಸಣ್ಣ ರೋಮ ಮೂಡಿದೆ, ಬಾಯೊಳಗೆ.
ನೀನೀಗ ಕೆನ್ನೆ ಅಂತ
ತೊಡೆಗೆ ಇನ್ನೂ ಯಾರೂ ಹೇಳಿಲ್ಲ.

ಟ್ರೈನಿಂಗಿನ ಮೊದಲ ವಾರ ಇಂಥದೇ ಒಂದು ಬಾಯಿಯ ಮುಂದೆ
ವಾಸನೆ ತಾಳದೆ ನಾನು ಮುಖ ತಿರುಗಿಸಿದ್ದೆ.
ಸಿಸ್ಟರ್ ಎಮರೆನ್ಸಿಯಾ ಬೈಯಲಿಲ್ಲ.
'ಮುಖ ತಿರುಗಿಸೋದನ್ನ ಅವರು ಮನೇಲೇ ನೋಡಿ ಬಂದಿರ್ತಾರಮ್ಮ'
ಅಂದು, ನನ್ನ ಕೈಯಿಂದ ಗಾಜ್ ಬಟ್ಟೆ ತೆಗೆದುಕೊಂಡು
ತಾವೇ ಒರೆಸಿದರು, ಮಗುವಿನ ಹಾಲುಹಲ್ಲು ಒರೆಸಿದ ಹಾಗೆ.
ಬೈದಿದ್ದರೆ ಮರೆತಿರುತ್ತಿದ್ದೆ.

ಐದೂಕಾಲಿಗೆ ಆಚೆ ಬದಿಯ ಹೆಂಗಸರ ವಾರ್ಡಿನಿಂದ ಗಂಟೆ.
ಮೆಹಬೂಬಿಯ ಹೊಟ್ಟೆಯ ಮೇಲಿನ ಚೀಲ ತುಂಬಿದೆ.
ಗೌರಿಪಾಳ್ಯದ ಒಂದು ಕೋಣೆಯಲ್ಲಿ ಕೂತು
ದಿನಕ್ಕೆ ಐದು ಸಾವಿರ ಅಗರಬತ್ತಿ ಹೊಸೆದವಳು,
ಊರಿನ ದೇವರಮನೆ, ದರ್ಗಾ, ಅಂಗಡಿ ಗಲ್ಲಾ,
ಎಲ್ಲಕ್ಕೂ ಘಮ ಕೊಟ್ಟವಳು,
ಈಗ ತನ್ನದೇ ಚೀಲಕ್ಕೆ ಸೆರಗು ಮುಚ್ಚಿ ನನ್ನ ಕ್ಷಮೆ ಕೇಳುತ್ತಾಳೆ.
'ನೋಡಿ' ಅನ್ನುತ್ತೇನೆ. ಆರು ದಿನದಿಂದ ಅವಳು ನೋಡಿಲ್ಲ.
'ಒದ್ದೆ ಇದೆ, ಕೆಂಪಗಿದೆ, ದಾಳಿಂಬೆ ಥರ. ಒಳ್ಳೆ ಬಣ್ಣ.'
ಅವಳು ಗೋಡೆಯನ್ನೇ ನೋಡುತ್ತಾಳೆ.
ಇರಲಿ. ನಾಳೆಯೂ ನನ್ನದೇ ಪಾಳಿ.

ಆರೂವರೆಗೆ ಅಕ್ಕಯ್ಯಮ್ಮ, ಬೇಗೂರಿನಿಂದ ಮೊದಲ ಬಸ್ಸಿಗೆ.
ಕ್ಯಾರಿಯರಿನಲ್ಲಿ ಬಸ್ಸಾರು.
ಡಯಟೀಷಿಯನ್ ಬರೆದುಕೊಟ್ಟಿದ್ದಾರೆ: ಖಾರ ಬೇಡ, ಎರಡು ಸಲ ಸೋಸಿ.
ಆಕೆ ನಾಲ್ಕು ಸಲ ಸೋಸಿದ್ದಾಳೆ, ಹಳೇ ಪಂಚೆಯಲ್ಲಿ.
ಸೊಪ್ಪೂ ಇಲ್ಲ, ಕಾಳೂ ಇಲ್ಲ; ಉಳಿದದ್ದು ಅವುಗಳ ನೆನಪಿನ ನೀರು.

ತಲೆದಿಂಬು ಏರಿಸುತ್ತೇನೆ.
ಮೂಗಿನ ನಳಿಕೆಯಿಂದ ಒಂದು ಹನಿ ಮೇಲೆಳೆದು ಕಾಗದಕ್ಕೆ ಮುಟ್ಟಿಸುತ್ತೇನೆ.
ನೀಲಿ ಕೆಂಪಾಯಿತು. ಹೊಟ್ಟೆಯೇ, ಸರಿ.
ಸಿರಿಂಜು ಎತ್ತಿ ಹಿಡಿದು ಸುರಿದರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ,
ತಳ್ಳಬಾರದು, ಅವಸರ ಮಾಡಬಾರದು.
ಮೂಗಿನಿಂದ ಹೊಟ್ಟೆಗೆ ನೇರ ರಸ್ತೆ;
ನಾಲಿಗೆಯೆಂಬ ಸುಂಕದಕಟ್ಟೆ ಈ ದಾರಿಯಲ್ಲಿಲ್ಲ.

ಅದಕ್ಕೇ ಸುರಿಯುವ ಮೊದಲು ಕ್ಯಾರಿಯರಿನ ಮುಚ್ಚಳ ತೆಗೆದು
ಖಾಲಿ ಇರುವ ಬಲ ಹೊಳ್ಳೆಯ ಹತ್ತಿರ ಹಿಡಿದಿರುತ್ತೇನೆ.
ಇದನ್ನು ನನಗೆ ಯಾವ ಪಾಠದಲ್ಲೂ ಹೇಳಿಕೊಟ್ಟಿಲ್ಲ.
ಅವನು ಕಣ್ಣು ಮುಚ್ಚುತ್ತಾನೆ. ಗಂಟಲು
ಇಲ್ಲದ ತುತ್ತನ್ನು ನುಂಗುತ್ತದೆ.

ಇನ್ನೂರು ಮಿಲಿ. ಹಿಂದೆಯೇ ಮೂವತ್ತು ಮಿಲಿ ನೀರು. ಬಿರಡೆ.
ಅರ್ಧ ಗಂಟೆ ಮಲಗಬಾರದು ಅನ್ನುತ್ತಿದ್ದೇನೆ,
ಅಷ್ಟರಲ್ಲಿ ಒಂದು ತೇಗು.
ದೊಡ್ಡದು. ಹತ್ತನೇ ಹಾಸಿಗೆಯವರೂ ತಿರುಗಿದರು.

ಪಿಳ್ಳಪ್ಪ ತಡೆದು ಕೂತ. ಕೆಳಗೆ ಹೋದದ್ದು
ಒಂದಿಷ್ಟು ಮೇಲೆ ಬಂದು ಮುಖ ತೋರಿಸಿತ್ತು.
ಬಾಯೊಳಗೆ ಅದನ್ನು ಅತ್ತಿತ್ತ ಆಡಿಸಿದ,
ಕಟ್ಟನ್ನು ಕೈಯಲ್ಲಿ ತೂಗಿ ಬೆಲೆ ಹೇಳುವವನ ಹಾಗೆ.
ಸ್ಲೇಟಿಗೆ ಕೈ ಚಾಚಿದ. ಬಳಪ ಕಿರುಗುಟ್ಟಿತು:
ಉಪ್ಪು ಕಮ್ಮಿ.

ಓದಲು ಬಾರದ ಅಕ್ಕಯ್ಯಮ್ಮನಿಗೆ ನಾನು ಓದಿ ಹೇಳಿದೆ.
'ಮದುವೆಯಾದಾಗಿಂದ ಇದೊಂದೇ ಮಾತು ಇವನದು,
ಬಾಯಿ ಹೋದರೂ ಬಿಡಲಿಲ್ಲ ನೋಡವ್ವ' ಅಂತ
ಖಾಲಿ ಕ್ಯಾರಿಯರಿನ ಮೇಲೆ ಬಗ್ಗಿ ನಗುತ್ತಾಳೆ, ನಗುತ್ತಲೇ ಇದ್ದಾಳೆ,
ಮುಚ್ಚಳ ಮಾತ್ರ ಕೂರುತ್ತಿಲ್ಲ, ಕೈ ಅದುರಿ.

ಪಾಳಿ ಮುಗಿಯುವ ಮುನ್ನ ಚಾರ್ಟಿನಲ್ಲಿ ಬರೆದೆ:
ಹಾಸಿಗೆ ಹನ್ನೊಂದು. ಇನ್ನೂರು ಮಿಲಿ, ಒಗ್ಗಿದೆ. ವಾಂತಿ ಇಲ್ಲ.
ತೇಗು ಒಂದು.
ಉಪ್ಪಿನ ವಿಚಾರ ಡಯಟೀಷಿಯನ್ನರ ಗಮನಕ್ಕೆ.